ಗಾಜಿನ ಮೇಲಿನ ಮೂರು ಬೆರಳು

ಪುಣೆ
೧೨ ಸೆಪ್ಟೆಂಬರ್ ೧೯೭೫

ಅವ್ವಾ, ನಿನ್ನ ಪಾದಕ್ಕೆ ಹಣೆ ಹಚ್ಚಿ ಗುರವ್ವ ಬರೆಯುತ್ತಿದ್ದೇನೆ. ಓದಿ ಹೇಳುವ ನೀಲಕ್ಕ ಅತ್ತೆಯವರಿಗೂ ಶರಣು. ಅತ್ತೆಯವರೇ, ಅವ್ವ ಎದ್ದು ಹೋಗಲು ನೋಡಿದರೆ ಸೆರಗು ಹಿಡಿದು ಕೂಡಿಸಿರಿ.

ಇಲ್ಲಿ ಅರಾಮ ಇದ್ದೇನೆ ಎಂದು ಬರೆಯಬೇಕು. ಸುಳ್ಳು ಯಾಕೆ, ಇಲ್ಲ. ಭಾನುವಾರ ಕನ್ನಡದಲ್ಲಿ ಒಂದು ಮಾತೂ ಆಡದೆ ದಿನ ಮುಗಿಯುತ್ತದೆ. ಹೋದ ತಿಂಗಳು ಊರಿಗೆ ಬಂದರೂ ಅದೇ ಗತಿ ಆಯಿತಲ್ಲ. ಮಾವನ ಮಗ ಈರಬಸಪ್ಪನನ್ನು ಒಲ್ಲೆ ಎಂದು ಓದಲು ಬಂದಾಗಿನಿಂದ ನಿನ್ನ ಬಾಯಿಗೆ ಬೀಗ. ತಾಟಿಗೆ ಬಿಸಿ ರೊಟ್ಟಿ ಬೀಳುತ್ತಿತ್ತು, ಬೆಣ್ಣೆ ಬೀಳುತ್ತಿತ್ತು. ನಿನ್ನ ಮುಖ ಮಾತ್ರ ಒಲೆಯ ಕಡೆ.

ನನ್ನ ಕೆಲಸ ಏನೆಂದು ನಿನಗೆ ತೋರಿಸಲಿಕ್ಕೆಂದೇ ತೆಳು ಗಾಜುಗಳನ್ನು ಜೋಡಿಸಿದ ಆ ಪೆಟ್ಟಿಗೆ ತಂದಿದ್ದೆ. ನೀನು ತಿರುಗಿ ನೋಡಲಿಲ್ಲ. ಅತ್ತೆಯವರು ನೋಡಿ, ಗಾಜಿನ ಮ್ಯಾಲೆ ಪೀಕು ಬೆಳೀತೀಯೇನ ಬೇ ಎಂದು ನಕ್ಕರು. ಒಂದು ಲೆಕ್ಕಕ್ಕೆ ಅದು ಖರೆ. ಕಣ್ಣಿಗೆ ಕಾಣದ ಜೀವಕೋಶಗಳನ್ನು ನಾವು ಗಾಜಿನ ಮೇಲೆ ಬೆಳೆಸುತ್ತೇವೆ. ಮೊದಲು ಪ್ರೋಟೀನು ಗಾಜಿಗೆ ಅಂಟಬೇಕು, ಆಮೇಲೆ ಕೋಶ ಅದನ್ನು ಹಿಡಿದು ಕೂಡುತ್ತದೆ. ಒಂದು ರಸಾಯನ ಸವರಿದಲ್ಲಿ ಕೂಡುತ್ತದೆ. ಇನ್ನೊಂದು ಸವರಿದಲ್ಲಿ, ಎಣ್ಣೆ ಹಚ್ಚಿದ ಹಂಚಿಗೆ ದೋಸೆ ಅಂಟದ ಹಾಗೆ, ಕೂಡುವುದಿಲ್ಲ. ಬೇಕಾದಲ್ಲಿ ಮಾತ್ರ ಕೂಡಿಸುವುದು ನನ್ನ ಕೆಲಸ. ಎಲ್ಲೂ ಹಿಡಿತ ಸಿಗದ ಕೋಶ ತೇಲುತ್ತ ಸಾಯುತ್ತದೆ. ಅದನ್ನು ನೋಡಿದಾಗೆಲ್ಲ ಮನೆಯ ನೆನಪಾಗುತ್ತದೆ.

ಈ ವಾರ ಊರಿಂದ ತಂದ ಗಾಜುಗಳನ್ನು ತೆಗೆದೆ. ಎಲ್ಲಕ್ಕೂ ಕೋಶ ಕೂಡುವಂಥ ಲೇಪವೇ ಇತ್ತು. ಮೇಲಿನದಕ್ಕೆ ತುಸು ಧೂಳು. ರೈಲಿನ ಧೂಳಿರಬೇಕು ಎಂದುಕೊಂಡು, ತಿಕ್ಕಿದರೆ ಲೇಪ ಹೋದೀತೆಂದು ಮೆಲ್ಲಗೆ ಜಾಲಿಸಿ ಕೋಶ ಬಿಟ್ಟೆ. ಬಣ್ಣ ಹಾಕಿ ನೋಡಿದರೆ ಗಾಜಿನ ತುಂಬ ಕೋಶಗಳು, ನಡುವೆ ಮೂರು ಅಡ್ಡ ಪಟ್ಟಿ ಖಾಲಿ. ನಮ್ಮ ಸರ್ ಸಿಟ್ಟಾದರು. ಯಾರೋ ಬೆರಳು ಹಚ್ಚಿದ್ದಾರೆ, ಆ ಜಿಡ್ಡಿಗೆ ಕೋಶ ಕೂತಿಲ್ಲ, ಕಸಕ್ಕೆ ಒಗೆದುಬಿಡು ಎಂದರು. ಮನೆ ಬಿಟ್ಟು ಹೊರಡುವ ಪೆಟ್ಟಿಗೆಗೆ ನಮ್ಮಲ್ಲಿ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಾರೆಂದು ಅವರಿಗೆ ಹೇಗೆ ಹೇಳಲಿ? ಅತ್ತೆಯವರೇ, ಮುಚ್ಚಳಕ್ಕೆ ಹಚ್ಚುವುದು ಬಿಟ್ಟು ಒಳಗಿನ ಗಾಜಿಗೇ ಹಚ್ಚಿದಿರಲ್ಲ ಎಂದು ಮನಸ್ಸಿನಲ್ಲೇ ನಿಮ್ಮೊಡನೆ ಜಗಳಾಡಿದೆ.

ದೀಪಾವಳಿಗೆ ಬರುವುದಾಗಲಿಕ್ಕಿಲ್ಲ, ಕೆಲಸ ಬಹಳ. ನನ್ನ ಕಾಳಜಿ ಮಾಡಬೇಡ.

ನಿನ್ನ ಮಗಳು
ಗುರವ್ವ

ತಾ.ಕ.: ಅತ್ತೆಯವರೇ, ಇದನ್ನು ಸಾವಕಾಶ ಓದಿರಿ. ಕೆಲಸ ಬಹಳ ಎಂದದ್ದು ಸುಳ್ಳು. ಅವ್ವಾ, ಆ ಗಾಜನ್ನು ನಾನು ಒಗೆದಿಲ್ಲ. ಇವತ್ತು ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ಮೂರನೆಯ ಪಟ್ಟಿ ಸರಿಯಾಗಿ ಮೂಡಿಲ್ಲ, ಬೆರಳು ಗಾಜಿಗೆ ತಾಗಿಯೂ ತಾಗದ ಹಾಗಿದೆ. ದನಕ್ಕೆ ಜೋಳದ ಕಣಿಕೆ ಕತ್ತರಿಸುವಾಗ ಉಂಗುರದ ಬೆರಳಿನ ತುದಿ ಕಳೆದುಕೊಂಡವಳು ನಮ್ಮ ಮನೆಯಲ್ಲಿ ನೀನೊಬ್ಬಳೇ. ನನ್ನ ಕಣ್ಣಿಗೆ ಬೀಳಬಾರದೆಂದು ಮುಚ್ಚಳ ತೆಗೆದು ಒಳಗೆ ಹಚ್ಚಿದ್ದೀ. ಕಂಡಿತು. ದೀಪಾವಳಿಗೆ ಬರುತ್ತೇನೆ. ಹೊಸ್ತಿಲ ಮೇಲೆ ನಿಂತಾಗ, ಬಂದೀ ಏನಬೇ ಅಂತ ಒಂದು ಮಾತು ಅಂದುಬಿಡು, ಸಾಕು.