ಮುರಿಯಬೇಕಾದ ಉಗುರು

ಮಾರ್ಚ್ 4, ಮಂಗಳವಾರ

ಒಬ್ಬಳ ಎರಡು ಕೈಗೆ ಇವತ್ತು ಆದ ಖರ್ಚು: ಸುಳ್ಳು ಉಗುರು ಕಟ್ಟೋ ಅಕ್ರಿಲಿಕ್ ಪೌಡರ್ ಕಾಲು ಡಬ್ಬಿ. ಉಗುರಿನ ಕೆಳಗೆ ಅಚ್ಚಿನ ಹಾಗೆ ಕೂರಿಸೋ ಕಾಗದದ ಫಾರ್ಮ್ ಒಂದು ಹಿಡಿ, ಅದರಲ್ಲಿ ಅರ್ಧ ಹಾಳು. ಆರಿ ತಣ್ಣಗಾದ ಎರಡು ಲೋಟ ಕಾಫಿ. ನನ್ನ ಸೊಂಟ. ಕಾದು ಕಾದು ಎದ್ದು ಹೋದ ಬ್ಯಾಂಕ್ ಮೇಡಂ — ಖಾಯಂ ಗಿರಾಕಿ, ಹೋಗುವಾಗ ಮುಖ ಕೂಡ ತಿರುಗಿಸಲಿಲ್ಲ. ಕೈಗೆ ಬಂದದ್ದು ಅರ್ಧ ರೇಟು. ಅರ್ಧ ಯಾಕೆ ಅಂತ ನನ್ನನ್ನೇ ಕೇಳಿಕೊಂಡೆ. 

ಆಭರಣದಂಗಡಿ ಹುಡುಗಿ. ಉಂಗುರದ ಕೌಂಟರಿಗೆ ಹಾಕ್ತಾರಂತೆ. ಗಿರಾಕಿ ಮುಂದೆ ಉಂಗುರಗಳನ್ನು ತನ್ನ ಬೆರಳಿಗೆ ಹಾಕಿ ಹಾಕಿ ತೋರಿಸೋ ಕೆಲಸ. ಮ್ಯಾನೇಜರ್ ಅವಳ ಬೆರಳು ನೋಡಿ ಹೌಹಾರಿದ್ದಾನೆ. ಈ ತಿಂಗಳಲ್ಲಿ ಕೈ ಸರಿ ಮಾಡ್ಕೊಂಡು ಬಾ, ಇಲ್ಲಾಂದ್ರೆ ಒಳಗಿನ ಪ್ಯಾಕಿಂಗ್ ಕೋಣೆಗೆ ನಡಿ ಅಂದನಂತೆ.

ಕೈ ಮೇಜಿನ ಮೇಲಿಡು ಅಂದರೆ ಎರಡು ಮುಷ್ಟಿ ಇಟ್ಟಳು.

"ಬಿಚ್ಚಮ್ಮಾ. ಕದ್ದ ಮಾಲೇನೂ ಇಲ್ವಲ್ಲ ಒಳಗೆ."

"ನಗಬೇಡಿ ಆಂಟಿ."

"ಆಂಟಿ ಅಂದ್ರೆ ರೇಟು ಜಾಸ್ತಿ. ಅಕ್ಕ ಅನ್ನು."

ಬಿಚ್ಚಿದಳು. ನಗು ಬರಲಿಲ್ಲ. ಅಂಗಿ ಗುಂಡಿಯನ್ನು ಅರ್ಧ ಕತ್ತರಿಸಿಟ್ಟ ಹಾಗೆ ಒಂದೊಂದು ಉಗುರು. ಅದರ ಮೇಲೆ ಮಾಂಸ ಉಬ್ಬಿ ಮಗುಚಿಕೊಂಡಿದೆ. ಹೆಬ್ಬೆರಳ ಅಂಚಲ್ಲಿ ಒಣಗಿದ ರಕ್ತ. ಬೇರೆ ಪಾರ್ಲರಿನವರು ಆಗಲ್ಲ ಅಂತ ವಾಪಸ್ ಕಳಿಸಿದ್ದರಂತೆ. ಅವರೇ ಬುದ್ಧಿವಂತರು. ನನ್ನ ಬೋರ್ಡಿನ ಮೇಲೆ ಮಾತ್ರ ದೊಡ್ಡದಾಗಿ ಬರೆಸಿಟ್ಟಿದೀನಿ — ಉಗುರು ಕಚ್ಚುವವರಿಗೂ!

ಮಾಮೂಲಿ ಕೈಯಾದರೆ ಪ್ಲಾಸ್ಟಿಕ್ ತುದಿ ಅಂಟಿಸಿ, ಮೇಲೆ ಪೌಡರ್ ಎಳೆದರೆ ಮುಗೀತು. ಇವರಿಗೆ ಅಂಟಿಸೋಕೆ ಜಾಗವೇ ಇರಲ್ಲ. ಮೊದಲು ಇರೋ ಚೂರಿನ ಮೇಲೇ ಒಂದು ಸುಳ್ಳು ಬುಡ ಕಟ್ಟಬೇಕು. ಅದು ಒಣಗಬೇಕು, ಉಜ್ಜಬೇಕು, ಆಮೇಲೆ ಅದರ ಕೆಳಗೆ ಫಾರ್ಮ್ ತೂರಿಸಿ ಉದ್ದ ಎಳೀಬೇಕು. ಅಡಿಪಾಯವೂ ನಮ್ಮದೇ, ಮನೆಯೂ ನಮ್ಮದೇ.

"ಚಿಕ್ಕೋಳಿದ್ದಾಗ ಬಿಡಿಸೋಕೆ ಯಾರೂ ನೋಡ್ಲಿಲ್ವಾ?"

"ಅಮ್ಮ ಮೆಣಸಿನಪುಡಿ ಹಚ್ಚಿದ್ರು."

"ಬಿಟ್ಯಾ?"

"ಖಾರ ಅಭ್ಯಾಸ ಆಯ್ತು ಅಕ್ಕಾ."

ಬಾಗಿಲ ಹತ್ತಿರ ಟವೆಲ್ ಮಡಿಸುತ್ತಿದ್ದ ಅತ್ತೆ ಕಿಸಕ್ಕಂದರು. ನನ್ನ ಗಂಡ ಬಿಟ್ಟುಹೋದವನು ಆಸ್ತಿ ಅಂತ ಬಿಟ್ಟಿದ್ದು ಇವರೊಬ್ಬರನ್ನೇ. ನಷ್ಟವೇನಿಲ್ಲ. ಮಗನಿಗಿಂತ ಕೆಲಸಕ್ಕೆ ಬರೋರು.

ಮಾರ್ಚ್ 7, ಶುಕ್ರವಾರ

ಮೂರೇ ದಿನ. ಎರಡು ಮುರಿದುಕೊಂಡು ಬಂದಳು. ಬೈಯಲಿಲ್ಲ. ಇವರಿಗೆ ಹಾಕೋದು ಮುರೀಲಿ ಅಂತಲೇ. ನಮ್ಮಲ್ಲಿ ಕೆಲಸ ಕಲಿಯೋಕೆ ಬಂದೋರಿಗೆಲ್ಲ ಮೊದಲು ಹೇಳಿಕೊಡೋ ಪಾಠ: ಕಚ್ಚೋರಿಗೆ ತೆಳ್ಳಗೆ, ಗಿಡ್ಡಕ್ಕೆ ಹಾಕು. ಹಲ್ಲು ಬಿದ್ದಾಗ ಮೇಲಿನದು ಮೊದಲು ಮುರೀಬೇಕು. ಅದು ಮುರೀದೆ ಗಟ್ಟಿಯಾಗಿ ಕೂತರೆ ಕೆಳಗಿನ ಸ್ವಂತ ಉಗುರನ್ನು ಬುಡಸಮೇತ ಎತ್ತುತ್ತೆ. ಮುರಿದದ್ದನ್ನು ಮತ್ತೆ ಹಾಕ್ತಾ ಹೋಗು, ಅಷ್ಟರಲ್ಲಿ ಒಳಗಿನದು ಬೆಳೆದುಕೊಳ್ಳುತ್ತೆ. ತಾಳ್ಮೆಯ ಕೆಲಸ.

ಯಾವಾಗ ಕಚ್ತೀಯ ಅಂತ ಕೇಳಿದೆ.

"ಗೊತ್ತೇ ಆಗಲ್ಲ. ಅಣ್ಣನ ಗಾಡಿ ಸದ್ದು ಕೇಳಿದ್ರೆ ಕೈ ತಾನಾಗೇ ಬಾಯಿಗೆ ಹೋಗಿರುತ್ತೆ."

ಅಪ್ಪ ಅಮ್ಮ ಇಲ್ಲ. ಅಣ್ಣನ ಮನೆ. ಇವಳು, ಇವಳ ಪುಟ್ಟ ತಂಗಿ. ಅಣ್ಣ ಹೊಡೀತಾನಾ ಅಂತ ಕೇಳೋಕೆ ಬಾಯಿ ತೆಗೆದೆ, ಅಷ್ಟರಲ್ಲಿ ಅವಳೇ — "ಹೊಡಿಯೋದೇನಿಲ್ಲ ಅಕ್ಕಾ. ಎಸೀತಾನೆ. ತಟ್ಟೆ, ಚಪ್ಪಲಿ, ಕೈಗೆ ಸಿಕ್ಕಿದ್ದು. ಗುರಿ ಸರಿಯಿಲ್ಲ, ಪುಣ್ಯ."

ಅಂಗಡಿ ಹಿಂದಿನ ಬೀದೀಲಿ ಒಂದು ರೂಮು ನೋಡಿಟ್ಟಿದಾಳೆ. ಇಬ್ಬರಿಗೆ ಸಾಕು. ಕೂಡಿಟ್ಟಿದ್ದನ್ನೆಲ್ಲ ಅಡ್ವಾನ್ಸ್ ಕೊಟ್ಟಿದಾಳೆ. ಉಂಗುರದ ಕೌಂಟರ್ ಸಿಕ್ಕಿದರೆ ಸಂಬಳದ ಮೇಲೆ ಕಮಿಷನ್, ಬಾಡಿಗೆ ನಡೆಯುತ್ತೆ. ಪ್ಯಾಕಿಂಗ್ ಆದರೆ ನಡೆಯಲ್ಲ.

ಅಂದರೆ ಒಂದು ಸಂಸಾರ ಈ ಹತ್ತು ಬೆರಳ ತುದಿಯಲ್ಲಿ ನಿಂತಿದೆ. ನನ್ನ ಪೌಡರಿನ ಮೇಲೆ. ಇವತ್ತು ದುಡ್ಡು ತಗೊಳ್ಳಲಿಲ್ಲ. ಹೀಗೇ ಆದರೆ ನಾನೇ ಪ್ಯಾಕಿಂಗ್‌ಗೆ ಹೋಗಬೇಕಾಗುತ್ತೆ.

ಮಾರ್ಚ್ 13, ಗುರುವಾರ

ಆಭರಣದಂಗಡಿ ಮ್ಯಾನೇಜರ್ ಖುದ್ದು ಬಂದ. ಶರ್ಟಿನ ಇಸ್ತ್ರಿ ಮುರಿಯುತ್ತೆ ಅಂತಲೋ ಏನೋ, ಕೂರಲೇ ಇಲ್ಲ. ಗೋಡೆ, ಕುರ್ಚಿ, ಲ್ಯಾಂಪ್, ಅತ್ತೆ — ಎಲ್ಲದರ ಮೇಲೂ ಒಂದು ಸಲ ಕಣ್ಣಾಡಿಸಿದ.

"ಮೇಡಂ, ಉಂಗುರ ಡಬ್ಬೀಲಿ ಮಾರಾಟ ಆಗಲ್ಲ, ಬೆರಳಲ್ಲಿ ಆಗುತ್ತೆ. ಈ ಹುಡುಗಿ ಕೈ ನೀವು ದಾರಿಗೆ ತಂದ್ರೆ, ನಮ್ಮ ಕೌಂಟರಿನ ಹುಡುಗೀರ ಕೈಯೆಲ್ಲ ನಿಮಗೇ. ಪ್ರತಿ ತಿಂಗಳು."

"ಸ್ವಲ್ಪ ಟೈಮ್ ಕೊಡಿ ಸಾರ್."

"ಇಪ್ಪತ್ನಾಲ್ಕು, ಸೋಮವಾರ ಹತ್ತು ಗಂಟೆಗೆ ನೋಡ್ತೀನಿ. ಹತ್ತಕ್ಕೆ ಹತ್ತೂ ಉಗುರು ಇರ್ಬೇಕು."

ಅವನು ಹೋದ ಮೇಲೆ ಅತ್ತೆ: "ಹುಡುಗಿ ಕೈ ನೋಡ್ತಾನೋ, ಕುದುರೆ ಹಲ್ಲು ನೋಡ್ತಾನೋ?"

ನಕ್ಕೆ. ಆದರೆ ತಲೆಯೊಳಗೆ ಆಗಲೇ ಮೂರನೇ ಕುರ್ಚಿ ಎಲ್ಲಿಡೋದು ಅಂತ ಜಾಗ ಅಳೀತಿದ್ದೆ. ಇನ್ನೊಬ್ಬರ ಪಾರ್ಲರಿನಲ್ಲಿ ಟವೆಲ್ ಒಗೆದು ಮೇಲೆ ಬಂದವಳು ನಾನು. ತಿಂಗಳು ತಿಂಗಳು ತಪ್ಪದೆ ಬರೋ ಕೆಲಸ ಅಂದರೆ ನಿದ್ದೆಯಲ್ಲೂ ಎದ್ದು ಕೂರ್ತೀನಿ.

ಮಾರ್ಚ್ 18, ಮಂಗಳವಾರ

ಈ ಸಲ ನಾಲ್ಕು. ಎಡಗೈ ಪೂರಾ ಯುದ್ಧಕ್ಕೆ ಹೋಗಿ ಬಂದ ಹಾಗಿದೆ. ಅಣ್ಣನಿಗೆ ರೂಮಿನ ವಾಸನೆ ಹತ್ತಿದೆಯಂತೆ, ಹುಡುಗ ಯಾರಾದ್ರೂ ಇದ್ದಾನಾ ಅಂತ ಇವಳ ಫೋನು ಕಿತ್ತು ನೋಡಿದನಂತೆ.

ಫಾರ್ಮ್ ಹಾಕ್ತಿದ್ದೆ. ಮೆಲ್ಲಗೆ ಅಂದಳು — "ಅಕ್ಕಾ, ಗಟ್ಟಿ ಹಾಕಿಬಿಡಿ. ಕಚ್ಚಿದ್ರೂ ಮುರೀಬಾರ್ದು, ಹಾಗೆ."

"ಹಾಗೆಲ್ಲ ಹಾಕಬಾರ್ದಮ್ಮ."

"ಸೋಮವಾರದವರೆಗೆ ಮಾತ್ರ."

ಸೋಮವಾರದವರೆಗೆ ಮಾತ್ರ. ನನಗೂ ಅದೇ ಬೇಕಿತ್ತು. ಹೇಳೋ ಧೈರ್ಯ ಅವಳಿಗಿತ್ತು, ನನಗಿರಲಿಲ್ಲ, ಅಷ್ಟೇ ವ್ಯತ್ಯಾಸ. ಬ್ರಷ್ ತುಂಬಾ ತಗೊಂಡೆ. ಮುರಿದ ನಾಲ್ಕಕ್ಕಷ್ಟೇ ಅಲ್ಲ, ಹತ್ತಕ್ಕೂ, ಎರಡು ಪದರದ ಜಾಗದಲ್ಲಿ ಮೂರು. ಬುಡದ ಹತ್ತಿರ ಮಣಿಯಷ್ಟು ಪೌಡರ್ ಇನ್ನೊಂದು ಸಲ. ಉಜ್ಜಿ ಮೇಲಿನ ದಪ್ಪ ಕಾಣದ ಹಾಗೆ ಇಳಿಸಿದೆ, ಒಳಗೆ ಹಾಗೇ ಬಿಟ್ಟೆ. ನನ್ನ ಕೈಚಳಕ ನಾನೇ ನೋಡಿ ಮೆಚ್ಚಿಕೊಂಡೆ. ಮೇಜಿಗೆ ಕುಟ್ಟಿ ನೋಡು ಅಂದೆ. ಟಕ್ ಟಕ್ ಅಂತು.

"ಕಲ್ಲಿದ್ದ ಹಾಗಿದೆ!" ಮೊದಲ ಸಲ ಹಲ್ಲು ಕಾಣೋ ಹಾಗೆ ನಕ್ಕಳು. ಚೆಂದದ ಹಲ್ಲು. ಎಷ್ಟು ಕೆಲಸ ಮಾಡಿವೆ, ಪಾಪ.

ಫೋಟೋ ತೆಗೆದೆ. ಮೊದಲು, ಈಗ — ಅಕ್ಕಪಕ್ಕ. ಸಂಜೆಯೊಳಗೆ ಮೂರು ಜನ ಹೊಸಬರು ಫೋನ್ ಮಾಡಿದರು.

ಮಾರ್ಚ್ 22, ಶನಿವಾರ

ಒಂದೂ ಮುರಿದಿಲ್ಲ. ತೋರಿಸೋಕೆ ಅಂತಲೇ ಬಂದು ಹೋದಳು. ಊಟದ ಬಿಡುವಿನಲ್ಲಿ ರೂಮಿಗೆ ಹೋಗಿ ಕಸ ಗುಡಿಸಿ ಬಂದಳಂತೆ. ಕಿಟಕಿಗೆ ಪರದೆ ಯಾವ ಬಣ್ಣ ಹಾಕ್ಲಿ ಅಂತ ಅತ್ತೇನ ಕೇಳಿದಳು. ಅತ್ತೆ, ಕೊಳೆ ಕಾಣದ ಬಣ್ಣ ಹಾಕು ಅಂದರು.

ಅವಳು ಹೋದ ಮೇಲೆ ಅತ್ತೆ: "ಕೆನ್ನೆ ಒಳಗೆ ಕಚ್ಕೊಳ್ತಾಳೆ ಹುಡುಗಿ. ನೋಡಿದ್ಯಾ? ಮಾತಾಡುವಾಗ ಒಂದು ಕಡೆ ಎಳ್ಕೊಳ್ಳುತ್ತೆ."

"ಕೆನ್ನೆ ಯಾರಿಗೂ ಕಾಣಲ್ಲ ಬಿಡಿ."

ಅಂದುಬಿಟ್ಟೆ. ಏನಂದೆ ಅನ್ನೋದು ಈಗ ಬರೆಯುವಾಗ ಕೇಳಿಸಿತು.

ಮಾರ್ಚ್ 24, ಸೋಮವಾರ, ಬೆಳಗ್ಗೆ 11

ಎಂಟೂವರೆಗೆ ಶಟರ್ ಎತ್ತೋಕೆ ಹೋದರೆ ಮೆಟ್ಟಿಲ ಮೇಲೆ ಕೂತಿದ್ದಾಳೆ. ಇಸ್ತ್ರಿ ಮಾಡಿದ ಯೂನಿಫಾರ್ಮ್, ಎಣ್ಣೆ ಹಚ್ಚಿ ಬಾಚಿದ ತಲೆ. ಬಲಗೈ ಕರ್ಚೀಫಿನಲ್ಲಿ. ಕರ್ಚೀಫು ಯಾವ ಬಣ್ಣದ್ದು ಅಂತ ಹೇಳೋ ಹಾಗಿರಲಿಲ್ಲ.

ನಿನ್ನೆ ಸಂಜೆ ಅಣ್ಣನಿಗೆ ರೂಮಿನ ಬೀಗದ ಕೈ ಸಿಕ್ಕಿದೆ. ಎಸೆಯೋಕೆ ಶುರುಮಾಡಿದ್ದಾನೆ. ಇವಳು ತಂಗೀನ ಬಚ್ಚಲಿಗೆ ನೂಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳಂತೆ. ಯಾವಾಗ ಬೆರಳು ಬಾಯಿಗೆ ಹೋಯ್ತೋ ಗೊತ್ತಿಲ್ಲ. ಎಷ್ಟು ಕಚ್ಚಿದರೂ ಅದು ಮುರೀಲಿಲ್ಲ. ಅವಳೂ ಬಿಡಲಿಲ್ಲ.

ಕರ್ಚೀಫು ಬಿಚ್ಚಿದೆ. ಉಂಗುರ ಬೆರಳು. ಉಗುರೇ ಇಲ್ಲ. ಅವಳದೂ ಇಲ್ಲ, ನನ್ನದೂ ಇಲ್ಲ. ಎರಡನ್ನೂ ಒಟ್ಟಿಗೆ ಎಡಗೈಯಲ್ಲಿ ಹಿಡ್ಕೊಂಡಿದ್ದಳು. ಒಂದನ್ನೊಂದು ಬಿಟ್ಟಿರಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದೆ.

"ಮೇಲೆ ಒಂದು ಅಂಟಿಸಿಬಿಡಿ ಅಕ್ಕಾ. ಹತ್ತು ಗಂಟೆಗೆ ಹೋಗ್ಬೇಕು."

"ಹಸಿ ಗಾಯ ಕಣೇ."

"ನೋವು ತಡ್ಕೋತೀನಿ. ಕೂಗಲ್ಲ. ಅವರು ನೋಡೋವಷ್ಟು ಹೊತ್ತು ಮಾತ್ರ."

ಬರೆದುಬಿಡ್ತೀನಿ, ಯಾರು ಓದ್ತಾರೆ — ಕೈ ಡ್ರಾಯರಿಗೆ ಹೋಯ್ತು. ರೆಡಿಮೇಡ್ ತುದಿಗಳ ಡಬ್ಬಿ ತೆಗೆದು, ಅವಳ ಅಳತೆಯದು ಹುಡುಕಿದ್ದೂ ಆಯ್ತು. ಬರೀ ಅಂಟು ಸಾಕು, ಒಂದು ಗಂಟೆ ನಿಲ್ಲುತ್ತೆ...

ಅತ್ತೆ ಬಂದು ಡಬ್ಬಿ ಮುಚ್ಚಿದರು.  ಒಂದು ಟವೆಲ್ ಹರಿದು ಅವಳ ಬೆರಳಿಗೆ ಸುತ್ತೋಕೆ ಶುರುಮಾಡಿದರು. ಹೊಸ ಟವೆಲ್.

"ಅಜ್ಜೀ, ಬೇಡ ಅಜ್ಜೀ. ಟೈಮಾಗುತ್ತೆ." ಅಳೋಕೆ ಶುರುಮಾಡಿದ್ದು ಆಗಲೇ. ನೋವಿಗಲ್ಲ.

ಡಾಕ್ಟರ್ ಹತ್ತಿರ ಕರ್ಕೊಂಡು ಹೋದೆ. ಬೇಗ ಬಾ ಅಂದರೆ ಬೇಗ ಬರೋ ಡಾಕ್ಟರ್ ಎಲ್ಲಿದಾರೆ? ಸರದಿಯಲ್ಲಿ ಕೂತೆವು. ಹತ್ತು ಹೊಡೆಯೋವರೆಗೆ ಗೋಡೆ ಗಡಿಯಾರ ನೋಡ್ತಾನೇ ಇದ್ದಳು. ಹತ್ತು ಆದ ಮೇಲೆ ನೋಡಲಿಲ್ಲ.

ಬೇರಿಗೆ ಪೆಟ್ಟಾಗಿದೆ. ಬಂದರೆ ಆರು ತಿಂಗಳು, ಬಂದರೂ ಸೊಟ್ಟ ಬರಬಹುದು ಅಂದರು ಡಾಕ್ಟರ್. "ಇಷ್ಟು ದಪ್ಪ ಹಾಕಿದ್ಯಾರು?"

ಅವಳು ಬಾಯಿ ತೆಗೆಯೋದರೊಳಗೆ ನಾನಂದೆ — "ನಾನೇ." ಒಳ್ಳೆಯತನಕ್ಕಲ್ಲ. ಅವಳು ನನ್ನ ಹೆಸರು ಹೇಳಲ್ಲ ಅಂತ ಗೊತ್ತಾಗಿತ್ತು. ನನ್ನನ್ನು ಉಳಿಸೋಕೆ ಅವಳು ಹೇಳೋ ಸುಳ್ಳು ಕೇಳಿಸಿಕೊಳ್ಳೋ ಶಕ್ತಿ ಇರಲಿಲ್ಲ.

ಮಾರ್ಚ್ 25, ಮಂಗಳವಾರ

ಅಂಗಡಿಗೆ ನಾನೇ ಹೋದೆ. ಮ್ಯಾನೇಜರ್ ಗಾಜಿನ ಹಿಂದೆ. ತಪ್ಪು ನನ್ನದು, ಅವಳದಲ್ಲ, ಆರು ತಿಂಗಳು ಆ ಒಂದು ಬೆರಳು ಬಿಟ್ಟು ಉಳಿದ ಬೆರಳಿಗೆ ಹಾಕಿ ತೋರಿಸ್ಲಿ ಅಂದೆ. ಮಾತಿಗೆ ನಾನು ಸೋತವಳಲ್ಲ. ನಿನ್ನೆವರೆಗೆ.

"ಮೇಡಂ, ಉಂಗುರ ಯಾವ ಬೆರಳಿಗೆ ಹಾಕ್ತಾರೆ?"

ಗಾಜಿನ ಕೆಳಗಿನ ಉಂಗುರಗಳ ಕಡೆ ನೋಡಿದೆ.

"ಬೇರೆ ಹುಡುಗೀನ ನಿಲ್ಲಿಸಿದೀನಿ. ಆದ್ರೆ ನಿಮ್ಮ ಕೆಲಸ ಫಸ್ಟ್ ಕ್ಲಾಸ್. ಬೆಳಗ್ಗೆ ಆ ಕೈ ನೋಡಿದೆ — ಉಳಿದ ಒಂಬತ್ತು ಅಸಲಿ ಥರಾನೇ ಇದೆ. ಎಂಟು ಹುಡುಗೀರು. ಒಂದನೇ ತಾರೀಕಿಂದ ಶುರು ಮಾಡೋಣ್ವಾ?"

ಬೇಡ ಅನ್ನಬೇಕಿತ್ತು. ಹೇಗೆ ಅನ್ನೋದು ಅಂತ ಯೋಚನೆ ಕೂಡ ಮಾಡಿದೆ. ಬಾಯಿಂದ ಬಂದದ್ದು — "ವಾರದ ದಿನ ಕಳಿಸಿ ಸಾರ್, ಶನಿವಾರ ರಶ್ ಇರುತ್ತೆ."

ಮಾರ್ಚ್ 30, ಭಾನುವಾರ

ಉಳಿದ ಒಂಬತ್ತು ತೆಗೆಸೋಕೆ ಬಂದಳು. ತಂಗಿಯೂ ಜೊತೆಗೆ. ಒಂಬತ್ತು ಹತ್ತು ವರ್ಷ ಇರಬಹುದು. ಕೈ ತೊಡೆ ಕೆಳಗೆ ಇಟ್ಕೊಂಡು ಕುರ್ಚಿ ತುದಿಯಲ್ಲಿ ಕೂತಳು.

ಪೌಡರ್ ಕರಗಿಸೋ ಅಸಿಟೋನಿನಲ್ಲಿ ಅದ್ದಿದ ಹತ್ತಿ ಸುತ್ತಿ, ಕಾದು, ಒಂದೊಂದಾಗಿ ಕೆರೆದೆ. ಬೇಗ ಆಗೋ ಕೆಲಸವಲ್ಲ. ದಪ್ಪ ಹಾಕಿದವಳೇ ಕೆರೀಬೇಕು. ಕೆಳಗೆ ಅವಳ ಉಗುರು ಸ್ವಲ್ಪ ಬೆಳೆದಿತ್ತು. ಕಾಗದದ ಹಾಗೆ ತೆಳ್ಳಗೆ, ಬೆಳ್ಳಗೆ. ಹತ್ತು ವರ್ಷದಿಂದ ಇಷ್ಟು ಉದ್ದ ನೋಡಿರಲಿಲ್ಲ ಅಂದಳು, ಬೇರೆ ಯಾರದೋ ಕೈ ನೋಡಿದ ಹಾಗೆ.

ಪ್ಯಾಕಿಂಗ್ ಕೋಣೆ ಹೇಗಿದೆ ಅಂತ ಕೇಳಿದೆ. ತಣ್ಣಗಿದೆ ಅಂದಳು. ರೂಮು? ಅಡ್ವಾನ್ಸ್ ವಾಪಸ್ ಇಲ್ಲವಂತೆ. ಅಣ್ಣ? "ಈಗ ಸುಮ್ನಿದಾನೆ. ಗೆದ್ದ ಮೇಲೆ ಸುಮ್ನೇ ಇರ್ತಾನೆ."

ನಮ್ಮ ಮನೇಲಿ ಬಂದು ಇರಿ ಅಂತ ನಾನು ಕರೀಲಿ ಅಂತ ಅತ್ತೆ ಮೊನ್ನೆಯಿಂದ ನನ್ನ ಮುಖ ನೋಡ್ತಿದಾರೆ. ಇರೋದು ಒಂದು ಕೋಣೆ. ಅಣ್ಣ ಬಾಗಿಲಿಗೆ ಬಂದರೆ, ಅಂಗಡಿಗೆ ಬಂದರೆ... ನಾನು ಹತ್ತಿ ಕಡೆ ನೋಡ್ತಾ ಕೂತೆ.

ಎಲ್ಲ ಮುಗಿದ ಮೇಲೆ ಕೈ ಒರೆಸಿಕೊಂಡಳು. ಕೋಪವಿಲ್ಲ, ವ್ಯಂಗ್ಯವಿಲ್ಲ, ಔಷಧಿ ಅಂಗಡಿಯವರನ್ನು ಕೇಳೋ ಹಾಗೆ ಕೇಳಿದಳು:

"ಅಕ್ಕಾ, ಇನ್ನು ಕಚ್ಚಬಹುದಲ್ವಾ?"

ಅತ್ತೆ ತಂಗಿಗೆ ಬಿಸ್ಕತ್ತು ಕೊಡೋಕೆ ಹೋದರು. ಮಗು ತೊಡೆ ಕೆಳಗಿಂದ ಕೈ ತೆಗೀಲಿಲ್ಲ. "ತಗೋ ಪುಟ್ಟಾ" ಅಂತ ಒತ್ತಾಯ ಮಾಡಿದ ಮೇಲೆ ತೆಗೀತು. ಉಗುರು ಕಚ್ಚಿ ಕಚ್ಚಿ ಮೊಂಡಾದ ಆ ಪುಟ್ಟ ಬೆರಳು ಅತ್ತೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಏಪ್ರಿಲ್ 1, ಮಂಗಳವಾರ, ಮಧ್ಯಾಹ್ನ

ಆಭರಣದಂಗಡಿಯಿಂದ ಮೊದಲ ಇಬ್ಬರು ಬಂದು ಹೋದರು. ಒಳ್ಳೇ ಉಗುರು, ಅರ್ಧ ಗಂಟೆ ಕೆಲಸ. ಗಿರಾಕಿ ಇಲ್ಲದ ಹೊತ್ತು. ಯಾರಿಗೆ ಏನು ಸಿಕ್ತು ಅಂತ ಬರೆದು ಮುಗಿಸ್ತೀನಿ.

ಮ್ಯಾನೇಜರಿಗೆ: ಹೊಳೆಯೋ ಎಂಟು ಜೊತೆ ಕೈ.

ಹೊಸ ಹುಡುಗಿಗೆ: ಉಂಗುರದ ಕೌಂಟರ್.

ರೂಮಿನ ಮಾಲೀಕನಿಗೆ: ಅಡ್ವಾನ್ಸು, ಗುಡಿಸಿಟ್ಟ ರೂಮು.

ಅಣ್ಣನಿಗೆ: ಎರಡು ಹೊತ್ತು ಬೇಯಿಸಿ ಹಾಕೋರು.

ನನಗೆ: ಮೂರನೇ ಕುರ್ಚಿ. ನಿನ್ನೆ ಬಂತು.

ಅತ್ತೆಗೆ: ಏನೂ ಇಲ್ಲ. ಭಾನುವಾರದಿಂದ ನನ್ನ ಜೊತೆ ಮಾತಿಲ್ಲ.

ಅವಳಿಗೆ: ಬಂದರೆ, ಒಂದು ಸೊಟ್ಟ ಉಗುರು.

ತಂಗಿಗೆ —