ಬುಧವಾರದ ಪಹರೆ

ಗುರುವಾರ, ಮಾರ್ಚ್ ೧೪

ಮನೆ ಬಿಟ್ಟು ಬುಕ್ ಬೈಂಡಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ಎಂಟು ತಿಂಗಳಿಂದ ಮುನಿಸಿಕೊಂಡು ಕುಳಿತಿರುವ ನಮ್ಮ ಯಜಮಾನರಿಗೆ ನಮಸ್ಕಾರ.

ಹೆದರಬೇಡಿ, ಹಳೆಯ ಜಗಳ ಎತ್ತುವುದಿಲ್ಲ. ನಿನ್ನೆಯದೇ ಸಾಕಷ್ಟಿದೆ. ಅರಣ್ಯ ಸಮಿತಿಯವರು ನಮ್ಮಿಬ್ಬರಿಂದ ಒಂದೇ ಹಾಳೆಯಲ್ಲಿ ವಿವರಣೆ ಕೇಳಿದ್ದಾರೆ. ಶನಿವಾರದೊಳಗೆ ಕೊಡದಿದ್ದರೆ ಬೇಸಿಗೆ ಪಹರೆಯಲ್ಲಿ ನಮ್ಮ ಜೋಡಿ ಮುರಿದು, ನಿಮ್ಮನ್ನು ಕ್ಷೌರಿಕನ ಜೊತೆಗೂ ನನ್ನನ್ನು ಅಧ್ಯಕ್ಷರ ಅತ್ತೆಯ ಜೊತೆಗೂ ಹಾಕುತ್ತಾರಂತೆ. ಆಕೆಗೆ ಎದುರಿಗಿರುವ ಮರವೇ ಕಾಣುವುದಿಲ್ಲ, ಹೊಗೆ ಕಾಣುವುದು ದೂರದ ಮಾತು. ಅದಿರಲಿ, ಬುಧವಾರ ಮಧ್ಯಾಹ್ನ ಬಿಟ್ಟರೆ ನಿಮ್ಮ ಮುಖ ನಾನು ಇನ್ನೆಲ್ಲಿ ನೋಡಲಿ? ಇದನ್ನು ವಿವರಣೆಯಲ್ಲಿ ಸೇರಿಸಬೇಡಿ.

ನಾನು ಬರೆದಿರುವುದು ಇಷ್ಟು. ನಮಗೆ ವಹಿಸಿದ್ದು ಕಾಡಿನಂಚಿನ ತರಗೆಲೆ ಗುಡಿಸಿ, ಬೆಂಕಿ ದಾಟದಂತೆ ನೆಲ ಬೋಳು ಮಾಡುವುದು. ಹೊಗೆ ಕಂಡರೆ ಊರಿಗೆ ಕೇಳುವಂತೆ ಕೂಗುವುದು. ಎಲೆಯನ್ನು ಕಾಡಿನ ಕಡೆ ತಳ್ಳಬೇಕೋ ಹೊಲದ ಕಡೆ ಎಳೆಯಬೇಕೋ ಎಂದು ಮಾತು ಬಂತು, ಮಾತಿಗೆ ಮಾತು ಬೆಳೆಯಿತು. ನಡುವೆ ನಿಮ್ಮ ಅಕ್ಕನ ಹೆಸರು ಬಂದದ್ದನ್ನು ಬಿಟ್ಟಿದ್ದೇನೆ. ನಮ್ಮ ಗಂಟಲು ಕೇಳಿ ನಲವತ್ತು ಜನ ಒದ್ದೆ ಗೋಣಿಚೀಲ, ಬಕೆಟ್ಟು ಹಿಡಿದು ಗುಡ್ಡ ಹತ್ತಿ ಬಂದರು. ಬೆಂಕಿ ಎಲ್ಲಮ್ಮಾ ಬಿದ್ದಿರೋದು ಎಂದು ಅಧ್ಯಕ್ಷರು ಏದುಸಿರು ಬಿಡುತ್ತ ಕೇಳಿದರೆ ನೀವು ಬೆರಳು ತೋರಿಸಿದ್ದು ನನ್ನ ಕಡೆಗೆ. ಅದನ್ನೂ ಬಿಟ್ಟಿದ್ದೇನೆ, ಮರೆತಿಲ್ಲ.

ಎಲ್ಲರೂ ನಕ್ಕು ಇನ್ನೇನು ಹಿಂತಿರುಗಬೇಕು, ಅಷ್ಟರಲ್ಲಿ ಕ್ಷೌರಿಕನಿಗೆ ನಮ್ಮ ಬೆನ್ನ ಹಿಂದೆ ಹೊಗೆ ಕಂಡಿತು. ಒಣ ಬೊಡ್ಡೆಯೊಂದರ ಬುಡಕ್ಕೆ ನಿಜವಾಗಿಯೂ ಬೆಂಕಿ ಹತ್ತಿತ್ತು. ಅಷ್ಟು ಜನ ಇದ್ದುದರಿಂದ ಹತ್ತೇ ನಿಮಿಷದಲ್ಲಿ ಬಡಿದು ಆರಿಸಿದರು. ನಾವು ಜಗಳವಾಡದಿದ್ದರೆ ಕಾಡು ಉಳಿಯುತ್ತಿರಲಿಲ್ಲ ಎಂಬುದೇ ನಮ್ಮ ವಾದ. ಗಟ್ಟಿಯಾಗಿ ಹಿಡಿದುಕೊಳ್ಳಿ.

ಒಂದೇ ತೊಡಕು. ಅದು ನಿಮ್ಮ ಸಿಗರೇಟಿನಿಂದ ಹತ್ತಿದ್ದು ಎಂಬ ಗುಸುಗುಸು ಎದ್ದಿದೆ. ಬಿಟ್ಟು ಎರಡು ವರ್ಷವಾಯಿತು ಎಂದು ನೀವು ಆಣೆ ಮಾಡಿದರೂ ಯಾರೂ ನಂಬಲಿಲ್ಲ. ನಾನೂ ತುಟಿ ಬಿಚ್ಚಲಿಲ್ಲ. ಆಗ ನೀವು ನನ್ನನ್ನು ನೋಡಿದ ರೀತಿ ನೆನೆದರೆ ಈಗಲೂ ಸಂಕಟವಾಗುತ್ತದೆ. ಕಾರಣ ಗೊತ್ತಿಲ್ಲ ಎಂದು ಬರೆದಿದ್ದೇನೆ. ಓದಿ, ಸಹಿ ಹಾಕಿ ಕಳಿಸಿ.

ಇಂತಿ,
ನಿಮ್ಮ ಪಹರೆಯ ಜೊತೆಗಾರ್ತಿ

ತಾ.ಕ.: ಸಹಿ ಹಾಕಬೇಡಿ. ನೀವು ಅತ್ತ ಗುಡಿಸುತ್ತಿದ್ದಾಗ ಆ ಬೊಡ್ಡೆಯ ಮರೆಯಲ್ಲಿ ಮೂರು ಕಲ್ಲಿಟ್ಟು ಬೆಂಕಿ ಹಾಕಿದವಳು ನಾನು. ತಂದಿದ್ದ ಟೀ ಆರಿಹೋಗಿತ್ತು, ಆರಿದ ಟೀ ನಿಮಗೆ ಸೇರುವುದಿಲ್ಲವಲ್ಲ. ಕಾಡಿನಲ್ಲಿ ಬೆಂಕಿ ಹಚ್ಚಬಾರದು ಎಂದು ಹದಿನಾರು ಬೋರ್ಡು ಬರೆದ ಇದೇ ಕೈಯಿಂದ ಕಡ್ಡಿ ಗೀರಿದೆ. ಮೇಲೆ ಮಣ್ಣು ಎಳೆದು, ಆರಿತು ಅಂದುಕೊಂಡೆ. ನಾಳೆ ಬೆಳಿಗ್ಗೆ ನಾನೇ ಹೋಗಿ ಸಮಿತಿಗೆ ಹೇಳುತ್ತೇನೆ. ಪಹರೆಯಿಂದ ನನ್ನ ಹೆಸರು ತೆಗೆಯುತ್ತಾರೆ, ತೆಗೆಯಲೇಬೇಕು. ಆಮೇಲೆ ನಿಮ್ಮನ್ನು ನೋಡಲು ನನಗೆ ಬುಧವಾರವೂ ಇರುವುದಿಲ್ಲ. ಅದಕ್ಕೇ ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ, ಮನೆಗೆ ಬನ್ನಿ.