ಕುಬುಸದ ದಿನ ಮುಚ್ಚಿಟ್ಟ ಮಾತು

ಕುರುಗೋಡು
೧೭-೧೧-೨೦೨೪

ಪ್ರೀತಿಯ ಮಗಳು ಗಂಗೋತ್ರಿಗೆ, ನಿನ್ನ ಅವ್ವ ದೂರದಿಂದಲೇ ತಲೆ ಸವರಿ ಬರೆಯುವುದು.

ನೀನು ಸಿರುಗುಪ್ಪಕ್ಕೆ ಹೋಗಿ ಎರಡು ತಿಂಗಳಾಯಿತು, ನಾನು ಇವತ್ತು ಬರೆಯಲು ಕುಳಿತಿದ್ದೇನೆ. ಬೈಯಬೇಡ. ಫೋನಿನಲ್ಲಿ ದಿನಾ ಮಾತಾಡುತ್ತೇವಲ್ಲ ಎನ್ನುತ್ತೀಯೇನೋ. ಅದೇನು ಮಾತು? ಕೂಸು ಹಾಲು ಕುಡಿಯಿತೇ, ನೀನು ಉಂಡೆಯಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಬಾಣಂತನ ನಾನು ಮಾಡಬೇಕಿತ್ತು. ಬೀಗರು ನಿನ್ನನ್ನು ಆಸ್ಪತ್ರೆಯಿಂದಲೇ ಕರೆದೊಯ್ದಾಗ ಬೇಡವೆನ್ನುವ ಬಾಯಿ ನನಗಿರಲಿಲ್ಲ.

ನಿನ್ನ ಅಪ್ಪ ಆರಾಮ. ಅಂಗನವಾಡಿಗೆ ಈ ವರ್ಷ ಇಪ್ಪತ್ತೆರಡು ಮಕ್ಕಳು, ಎಲ್ಲವೂ ಗಲಾಟೆಯವೇ. ಮೊನ್ನೆ ಬಸುರಿಯರ ಸಭೆಯಲ್ಲಿ "ಒಂದು ಹನಿ ರಕ್ತ ಕಂಡ್ರೂ ದವಾಖಾನಿಗೆ ಓಡ್ರಿ" ಎಂದು ಎಂದಿನಂತೆ ಹೇಳಲು ಹೋದವಳು ಅರ್ಧಕ್ಕೇ ಕುರ್ಚಿಯಲ್ಲಿ ಕೂತುಬಿಟ್ಟೆ. ಹಿಂದೆ ಕೂತಿದ್ದ ಖೈರುನಬಿ "ಯಾಕ್ರೀ ಟೀಚರ್, ಸುಸ್ತಾತೇನು?" ಎಂದಳು. ಇಪ್ಪತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಟೀಚರು ನಾನು!

ನಿನ್ನ ಸ್ಕ್ಯಾನಿಂಗ್ ಆದಾಗ ಬಳ್ಳಾರಿಯ ಅನಿತಾ ಡಾಕ್ಟರು ನನ್ನನ್ನೇ ಕೂರಿಸಿಕೊಂಡು ಹೇಳಿದ್ದರು: ಮಾಸು ಕೆಳಗೆ ಕೂತು ಗರ್ಭದ ಬಾಯಿ ಮುಚ್ಚಿದೆ, ರಕ್ತ ಕಂಡರೆ ತಡಮಾಡಬೇಡಿ ಎಂದು. ಕುಬುಸದ ದಿನ ಬೆಳಗ್ಗೆ ನೀನು ಬಚ್ಚಲಿನಿಂದ ಕರೆದೆ. "ಅವ್ವಾ, ಸೀರಿಗೆ ರಕ್ತ ಆಗೇತಿ ನೋಡು" ಅಂದೆ. ಅಂಗಳದಲ್ಲಿ ಪೆಂಡಾಲು ಎದ್ದಿತ್ತು, ಮುತ್ತೈದೆಯರು ಬಂದಾಗಿತ್ತು, ಬೀಗರ ಗಾಡಿ ಬಾಗಿಲಲ್ಲಿತ್ತು. "ಸುಮ್ನಿರವ್ವ, ಉಡಿ ತುಂಬೂ ಹೊತ್ತಿನ್ಯಾಗ ರಕ್ತದ ಮಾತು ತೆಗೀಬಾರ್ದು. ಆರತಿ ಆಗ್ಲಿ, ಆಮ್ಯಾಲೆ ಹೋಗೂಣು" ಎಂದು ನಿನ್ನ ಬಾಯಿ ಮುಚ್ಚಿಸಿದೆ. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಮಣೆಯ ಮೇಲೆ ಕೂರಿಸಿದೆ. ಎರಡು ತಾಸು ನೀನು ಅಲುಗಾಡದೆ ಕೂತೆ. ಎದ್ದಾಗ ಮಣೆ ಕೆಂಪಾಗಿತ್ತು.

ಬಳ್ಳಾರಿ ಮುಟ್ಟುವಷ್ಟರಲ್ಲಿ ನಿನ್ನ ತುಟಿ ಬಿಳಿಚಿತ್ತು. ಹೊಟ್ಟೆ ಕೊಯ್ದು ಕೂಸನ್ನು ತೆಗೆದ ಮೇಲೂ ಮಾಸು ಕೂತ ಜಾಗದಿಂದ ರಕ್ತ ನಿಲ್ಲಲಿಲ್ಲವಂತೆ. ಚುಚ್ಚುಮದ್ದು, ಹೊಲಿಗೆ ಯಾವುದಕ್ಕೂ ಬಗ್ಗದಾಗ ಗರ್ಭಚೀಲದೊಳಗೆ ಬಲೂನು ಇಟ್ಟು, ನೀರು ತುಂಬಿ, ಒಳಗಿನಿಂದ ಒತ್ತಿ ಹಿಡಿದರಂತೆ. "ಇದಕ್ಕೂ ನಿಲ್ಲದಿದ್ರ ಚೀಲಾನ ತೆಗೀಬೇಕಾಗ್ತತಿ, ಸಹಿ ಮಾಡ್ರಿ" ಎಂದು ನರ್ಸು ನಿನ್ನ ಗಂಡನ ಮುಂದೆ ಹಾಳೆ ಹಿಡಿದಳು. ಹಂಪೇಶ ಓದದೆಯೇ ಸಹಿ ಹಾಕಿದ. ಆರು ಬಾಟಲಿ ರಕ್ತ ಏರಿಸಿದ ಮೇಲೆ ಡಾಕ್ಟರು ಹೊರಗೆ ಬಂದು, "ನಿಂತೈತ್ರಿ. ಮುಂಜಾನೆನ ಬಂದಿದ್ರ ಇಷ್ಟೆಲ್ಲಾ ಆಗ್ತಿರಲಿಲ್ಲ" ಅಂದರು.

ನಿನ್ನೆ ನಿಮ್ಮತ್ತೆ ಸುನಂದಕ್ಕ ಫೋನ್ ಮಾಡಿದ್ದರು. "ಸೀರಿ ಉಡೂ ಆಸೆಕ್ಕ ನಿಮ್ಮ ಮಗಳು ರಕ್ತ ಮುಚ್ಚಿಟ್ಟಾಳ. ಅಂಥಾಕಿ ಕೈಯಾಗ ಕೂಸಿನ್ನ ಹೆಂಗ ಬಿಡೂದ್ರಿ?" ಎಂದರು. ಹಾಲು ಕುಡಿಸಲು ಮಾತ್ರ ಕೊಟ್ಟು, ಮತ್ತೆ ತಮ್ಮ ಮಗ್ಗುಲಲ್ಲೇ ಮಲಗಿಸಿಕೊಳ್ಳುತ್ತಾರಂತೆ. ನೀನು ನನಗೆ ಇದನ್ನು ಹೇಳಲೇ ಇಲ್ಲ. ನಾನಾದರೂ ಬಾಯಿ ಬಿಟ್ಟೆನೇ? "ಸಣ್ಣಾಕಿ ರೀ, ತಿಳೀಲಿಲ್ಲ" ಎಂದು ಹೇಳಿ ಫೋನ್ ಇಟ್ಟೆ. ನನಗೆ ನಾಚಿಕೆಯಾಗುತ್ತದೆ ಮಗಳೇ, ಕನ್ನಡಿ ನೋಡಲೂ ನಾಚಿಕೆ.

ಬಿಸಿನೀರು ಬಿಟ್ಟು ಬೇರೆ ಕುಡಿಯಬೇಡ. ಕಬ್ಬಿಣದ ಮಾತ್ರೆ ತಪ್ಪಿಸಬೇಡ. ನಿನ್ನ ಒಡಲು ತಂಪಾಗಿರಲಿ, ಕೂಸು ನೂರು ವರ್ಷ ಬಾಳಲಿ.

ನಿನ್ನ ಅವ್ವ,
ಕೊಟ್ರಮ್ಮ

ತಾ.ಕ.: ಅಂದು ಸ್ಟ್ರೆಚರ್ ಪಕ್ಕದಲ್ಲಿ ಡಾಕ್ಟರು "ಮುಂಜಾನಿಂದ ಆಗಿದ್ರ ಯಾಕ ಹೇಳಲಿಲ್ಲ?" ಎಂದು ಕೇಳಿದಾಗ ಬೀಗರೆಲ್ಲ ಸುತ್ತ ನಿಂತಿದ್ದರು. "ಇಕಿ ನಮಗ ಹೇಳೇ ಇಲ್ರಿ" ಎಂದವಳು ನಾನೇ. ನೀನು ನನ್ನ ಮುಖ ನೋಡಿದೆ. ಆಮೇಲೆ, "ಹೌದ್ರಿ, ನಾನೇ ಹೇಳಿಲ್ಲ" ಅಂದೆ. ಉಸಿರಿಲ್ಲದ ಹೊತ್ತಿನಲ್ಲೂ ನನ್ನ ಮಾನ ಕಾದೆ. ಈ ಲಕೋಟೆಯ ಮೇಲೆ ನಿನ್ನ ಹೆಸರು ಬರೆದಿಲ್ಲ, ಸುನಂದಕ್ಕನ ಹೆಸರು ಬರೆದಿದ್ದೇನೆ. ಅವರೇ ಮೊದಲು ಓದಲಿ. ಓದಿ, ಕೂಸನ್ನು ನಿನ್ನ ಮಗ್ಗುಲಿಗೆ ಹಾಕಲಿ.